ಔಟ್‌ಲುಕ್‌ನಿಂದ ಥಂಡರ್‌ಬರ್ಡ್‌ಗೆ ವಿಳಾಸ ಪುಸ್ತಕ: ಕನ್ನಡದ ಹೆಸರುಗಳು ಕೆಡದಂತೆ ಸಾಗಿಸುವ ಬಗೆ

ನಮ್ಮ ದೊಡ್ಡಪ್ಪ ನಿವೃತ್ತ ಮೇಷ್ಟ್ರು. ಹದಿನೈದು ವರ್ಷ ಕೂಡಿಟ್ಟ ಇಮೇಲ್ ವಿಳಾಸಗಳು ಅವರ ಹಳೆಯ ಕಂಪ್ಯೂಟರಿನಲ್ಲಿದ್ದವು. ಹಳೆಯ ವಿದ್ಯಾರ್ಥಿಗಳು, ಊರಿನ ದೇವಸ್ಥಾನದ ಸಮಿತಿಯವರು, ಹೊರದೇಶದಲ್ಲಿರುವ ನೆಂಟರು, ಪುಸ್ತಕದಂಗಡಿಯವರು ಎಲ್ಲರೂ ಅದರಲ್ಲಿದ್ದರು. ಅರ್ಧಕ್ಕರ್ಧ ಹೆಸರುಗಳನ್ನು ಅವರು ಕನ್ನಡದಲ್ಲೇ ಟೈಪ್ ಮಾಡಿದ್ದರು. ಹೊಸ ಲ್ಯಾಪ್‌ಟಾಪ್ ಬಂದಾಗ ಅವನ್ನೆಲ್ಲ ಸಾಗಿಸುವ ಕೆಲಸ ನನ್ನ ಪಾಲಿಗೆ ಬಂತು. ಹಳೆಯ ಮೇಲ್ ಪ್ರೋಗ್ರಾಮಿನಿಂದ ಫೈಲ್ ತೆಗೆದೆ, ಹೊಸದಕ್ಕೆ ಹಾಕಿದೆ. ಕೆಲಸ ಸರಿಯಾಗಿ ಮುಗಿದಿದೆ ಎಂದು ಪರದೆ ಹೇಳಿತು. ಮನೆಗೆ ಬಂದೆ.

ಮಾರನೇ ದಿನ ಬೆಳಿಗ್ಗೆ ಅವರ ಫೋನ್. "ಹೆಸರು ಇರೋ ಕಡೆಯೆಲ್ಲ ಬರೀ ಪ್ರಶ್ನೆ ಚಿಹ್ನೆ ಇದೆಯಲ್ಲೋ. ಇದರಲ್ಲಿ ಯಾರು ಯಾರು?"

ಹಳೆಯ ಕಂಪ್ಯೂಟರನ್ನು ಇನ್ನೂ ಯಾರಿಗೂ ಕೊಟ್ಟಿರಲಿಲ್ಲ. ಅದರಿಂದ ಬಚಾವಾದೆವು. ಮತ್ತೆ ಮೊದಲಿನಿಂದ ಶುರು ಮಾಡಿ, ಎರಡು ಸಂಜೆ ಕೂತು, ಒಂದೊಂದನ್ನೂ ನೋಡಿಕೊಂಡು ಸಾಗಿಸಿದೆವು. ಅವತ್ತು ತಿಳಿದದ್ದು ಇಷ್ಟು. ವಿಳಾಸ ಪುಸ್ತಕ ಸಾಗಿಸುವಾಗ ಏನಾದರೂ ಕೆಟ್ಟರೆ ಪ್ರೋಗ್ರಾಮ್ ನಮಗೆ ಹೇಳುವುದಿಲ್ಲ. ಹೆಸರು ಅಳಿಸಿಹೋಗಲಿ, ಫೋನ್ ನಂಬರಿನ ಕೊನೆಯ ಅಂಕಿಗಳು ಸೊನ್ನೆಯಾಗಲಿ, ಹುಟ್ಟುಹಬ್ಬದ ತಿಂಗಳು ಬದಲಾಗಲಿ, ಅದು ಎಲ್ಲ ಸರಿ ಇದೆ ಅಂತಲೇ ಹೇಳುತ್ತದೆ. ನೋಡಿಕೊಳ್ಳಬೇಕಾದವರು ನಾವೇ.

ಇಲ್ಲಿ ಹೇಳುವುದು ಮೈಕ್ರೋಸಾಫ್ಟ್‌ನ ಮೇಲ್ ಪ್ರೋಗ್ರಾಮ್ ಆದ ಔಟ್‌ಲುಕ್‌ನಿಂದ ಉಚಿತ ಮೇಲ್ ಪ್ರೋಗ್ರಾಮ್ ಆದ ಥಂಡರ್‌ಬರ್ಡ್‌ಗೆ ಹೋಗುವ ದಾರಿ. ನನ್ನನ್ನು ಜಾಸ್ತಿ ಜನ ಕೇಳುವುದು ಇದನ್ನೇ. ವಿಂಡೋಸ್ ಜೊತೆ ಬರುತ್ತಿದ್ದ ಮೇಲ್ ಮತ್ತು ಪೀಪಲ್ ಆ್ಯಪ್‌ಗಳಿಗೆ ಮೈಕ್ರೋಸಾಫ್ಟ್ 2024ರ ಡಿಸೆಂಬರ್ 31ಕ್ಕೆ ಬೆಂಬಲ ನಿಲ್ಲಿಸಿದ ಮೇಲೆ ಹೊಸ ಪ್ರೋಗ್ರಾಮ್ ಹುಡುಕುವವರೂ ಹೆಚ್ಚಿದ್ದಾರೆ. ನಿಮ್ಮ ಪ್ರೋಗ್ರಾಮ್‌ಗಳು ಬೇರೆಯಾದರೂ ಚಿಂತೆಯಿಲ್ಲ. ಮೆನುವಿನ ಹೆಸರು ಬದಲಾಗುತ್ತದೆ, ತೊಂದರೆಗಳು ಇವೇ ಇರುತ್ತವೆ.

ಮೊದಲು ಫೈಲ್‌ಗಳ ಬಗ್ಗೆ ಸ್ವಲ್ಪ

ಎರಡು ಮೇಲ್ ಪ್ರೋಗ್ರಾಮ್‌ಗಳು ನೇರವಾಗಿ ಮಾತಾಡಿಕೊಳ್ಳುವುದು ಕಡಿಮೆ. ಒಂದು ತನ್ನ ವಿಳಾಸಗಳನ್ನು ಫೈಲಿಗೆ ಬರೆಯುತ್ತದೆ, ಇನ್ನೊಂದು ಅದನ್ನು ಓದುತ್ತದೆ. ಹೀಗೆ ಬಳಸುವ ಫೈಲ್‌ಗಳು ಮುಖ್ಯವಾಗಿ ಎರಡು ಬಗೆ.

ಒಂದು ಸಿಎಸ್‌ವಿ. ಇದು ಬರೀ ಪಟ್ಟಿ. ಒಬ್ಬರಿಗೆ ಒಂದು ಸಾಲು, ನಡುನಡುವೆ ಅಲ್ಪವಿರಾಮ. ಮೊದಲ ಸಾಲಿನಲ್ಲಿ ಯಾವ ಕಂಬದಲ್ಲಿ (ಕಾಲಮ್‌ನಲ್ಲಿ) ಏನಿದೆ ಎಂದು ಬರೆದಿರುತ್ತದೆ. ಎಕ್ಸೆಲ್‌ನಂಥ ಸ್ಪ್ರೆಡ್‌ಶೀಟಿನಲ್ಲಿ ತೆರೆದು ತಿದ್ದಬಹುದು, ಅದೇ ಇದರ ದೊಡ್ಡ ಅನುಕೂಲ. ಫೋಟೋಗಳು ಇದರಲ್ಲಿ ಬರುವುದಿಲ್ಲ.

ಇನ್ನೊಂದು ವಿಕಾರ್ಡ್. ಇದು ವಿಸಿಟಿಂಗ್ ಕಾರ್ಡುಗಳ ಕಟ್ಟು ಇದ್ದ ಹಾಗೆ. ಒಬ್ಬೊಬ್ಬರಿಗೂ ಬೇರೆ ಕಾರ್ಡು, ಯಾವ ನಂಬರು ಮನೆಯದು, ಯಾವುದು ಕಚೇರಿಯದು ಎಂಬ ಗುರುತೂ ಅದರಲ್ಲೇ ಇರುತ್ತದೆ. ಫೋಟೋ ಕೂಡ ಸೇರಬಹುದು. ಇದರಲ್ಲಿ 2.1, 3.0, 4.0 ಎಂಬ ಮೂರು ಆವೃತ್ತಿಗಳು ಓಡಾಡುತ್ತಿವೆ. 2.1 ಬಂದದ್ದು 1996ರಲ್ಲಿ, 4.0 ಬಂದದ್ದು 2011ರಲ್ಲಿ. ಹಳೆಯ ಆವೃತ್ತಿಯ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಕನ್ನಡದ ಹೆಸರಿನ ಜಾಗದಲ್ಲಿ ಸಮ ಚಿಹ್ನೆ, ಇಂಗ್ಲಿಷ್ ಅಕ್ಷರ, ಅಂಕಿ ಹೀಗೆ ಉದ್ದ ಸರಮಾಲೆ ಕಾಣಬಹುದು. ಗಾಬರಿ ಬೇಡ. ಕನ್ನಡ ಅದರೊಳಗೆ ಭದ್ರವಾಗಿದೆ, ಬೇರೆ ರೀತಿಯಲ್ಲಿ ಬರೆದಿದೆ ಅಷ್ಟೇ. ಥಂಡರ್‌ಬರ್ಡ್ ಅದನ್ನು ಬಿಡಿಸಿ ಓದುತ್ತದೆ.

ಎಲ್‌ಡಿಐಎಫ್ ಎಂಬ ಮೂರನೆಯದೂ ಒಂದಿದೆ. ಒಂದು ಥಂಡರ್‌ಬರ್ಡ್‌ನಿಂದ ಇನ್ನೊಂದಕ್ಕೆ ಸಾಗಿಸುವುದಿದ್ದರೆ ಅದು ಚೆನ್ನ. ನಮಗೆ ಇಲ್ಲಿ ಬೇಕಾಗುವುದಿಲ್ಲ.

ಕನ್ನಡ ಯಾಕೆ ಕೆಡುತ್ತದೆ

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಾರಣ ಗೊತ್ತಿದ್ದರೆ ನೋಡಿದ ಕೂಡಲೇ ಎಲ್ಲಿ ತಪ್ಪಿತು ಅಂತ ಹೇಳಬಹುದು.

ಎಲ್ಲ ಲಿಪಿಗಳಿಗೂ ಒಂದೇ ಅಕ್ಷರ ಪಟ್ಟಿಯಾದ ಯುನಿಕೋಡ್ ಬರುವ ಮುಂಚೆ ವಿಂಡೋಸ್‌ನಲ್ಲಿ ಒಂದೊಂದು ಲಿಪಿಗೂ ಒಂದೊಂದು ಅಕ್ಷರ ಪಟ್ಟಿ ಇರುತ್ತಿತ್ತು. ಇಂಗ್ಲಿಷ್, ಫ್ರೆಂಚ್‌ಗೆ ಒಂದು, ರಷ್ಯನ್‌ಗೆ ಒಂದು, ಅರೇಬಿಕ್‌ಗೆ ಒಂದು. ಕನ್ನಡಕ್ಕೆ ಅಂಥ ಪಟ್ಟಿ ಇರಲೇ ಇಲ್ಲ. ವಿಂಡೋಸ್‌ಗೆ ಕನ್ನಡ ಬಂದದ್ದೇ ಯುನಿಕೋಡ್ ಮೂಲಕ. ಹಾಗಾಗಿ ಒಂದು ಪ್ರೋಗ್ರಾಮ್ ಫೈಲನ್ನು ಹಳೆಯ ಪಟ್ಟಿಯಂತೆ ಬರೆಯಲು ಹೋದರೆ, ಕನ್ನಡದ ಅಕ್ಷರಕ್ಕೆ ಅಲ್ಲಿ ಜಾಗವೇ ಸಿಗುವುದಿಲ್ಲ. ಆಗ ಅದು ಒಂದೊಂದು ಅಕ್ಷರಕ್ಕೂ ಒಂದೊಂದು ಪ್ರಶ್ನೆ ಚಿಹ್ನೆ ಬರೆದು ಮುಂದೆ ಹೋಗುತ್ತದೆ. ಹಳೆಯ ಔಟ್‌ಲುಕ್‌ಗಳು ಸಿಎಸ್‌ವಿ ಬರೆಯುತ್ತಿದ್ದದ್ದು ಹೀಗೆಯೇ. ಈ ಫೈಲಿನಿಂದ ಹೆಸರನ್ನು ಮತ್ತೆ ಪಡೆಯಲು ಯಾರಿಂದಲೂ ಆಗುವುದಿಲ್ಲ. ಮೂಲಕ್ಕೇ ಹೋಗಿ ಬೇರೆ ದಾರಿಯಲ್ಲಿ ತೆಗೆಯಬೇಕು.

ಎರಡನೆಯ ಬಗೆಯ ತೊಂದರೆ ಬೇರೆ. ಹೆಸರಿನ ಜಾಗದಲ್ಲಿ ತಲೆಯ ಮೇಲೆ ಗೀಟಿರುವ ಇಂಗ್ಲಿಷ್ 'ಎ', ಮೇಲೆ ಹಾರಿಸಿದ ಪುಟ್ಟ ಅಂಕಿ, ಇಂಥವು ಸಾಲಾಗಿ ಕಾಣುತ್ತವೆ. ಇಲ್ಲಿ ಫೈಲ್ ಸರಿಯಾಗಿದೆ. ಅದನ್ನು ಯುಟಿಎಫ್-8ರಲ್ಲಿ, ಅಂದರೆ ಯುನಿಕೋಡ್ ಅಕ್ಷರಗಳನ್ನು ಫೈಲಿನಲ್ಲಿ ಬರೆಯುವ ಒಂದು ಕ್ರಮದಲ್ಲಿ, ಬರೆದಿದ್ದಾರೆ, ಓದುವ ಪ್ರೋಗ್ರಾಮ್ ಹಳೆಯ ಪಟ್ಟಿ ಹಿಡಿದು ಓದುತ್ತಿದೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಅಕ್ಷರ ಸಂಕೇತವೂ ಮೂರು ಬೈಟ್ ತೆಗೆದುಕೊಳ್ಳುತ್ತದೆ. ಅದಕ್ಕೇ ಹೆಸರು ಸುಮಾರು ಮೂರು ಪಟ್ಟು ಉದ್ದವಾಗಿ ಕಾಣುವುದು. ಓದುವಾಗ ಯುಟಿಎಫ್-8 ಎಂದು ಆರಿಸಿದರೆ ಎಲ್ಲ ಸರಿಹೋಗುತ್ತದೆ. ಆದರೆ ಕೆಟ್ಟು ಕಾಣುವಾಗಲೇ ಸೇವ್ ಮಾಡಬೇಡಿ.

ಮೂರನೆಯದು ಕಂಪ್ಯೂಟರಿನಲ್ಲಿ ಬಹಳ ಕಾಲದಿಂದ ಕನ್ನಡ ಬಳಸುತ್ತಿರುವವರಿಗೆ ಗೊತ್ತಿರುವುದೇ. ನುಡಿ ಅಥವಾ ಬರಹ ತಂತ್ರಾಂಶದ ಯುನಿಕೋಡ್ ಅಲ್ಲದ ಫಾಂಟಿನಲ್ಲಿ ಹೆಸರು ಟೈಪ್ ಮಾಡಿದ್ದರೆ, ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳು ಮತ್ತು ಚಿಹ್ನೆಗಳೇ. ಫಾಂಟ್ ಅದನ್ನು ಕನ್ನಡದಂತೆ ತೋರಿಸುತ್ತದೆ. ವಿಳಾಸ ಪುಸ್ತಕ ಸಾಗುವಾಗ ಫಾಂಟ್ ಜೊತೆಗೆ ಹೋಗುವುದಿಲ್ಲ. ಇಂಥ ಹೆಸರುಗಳನ್ನು ಮೊದಲು ಯುನಿಕೋಡಿಗೆ ಬದಲಾಯಿಸಬೇಕು. ನುಡಿ, ಬರಹ ಎರಡರಲ್ಲೂ ಅದಕ್ಕೆ ಪರಿವರ್ತಕವಿದೆ. ಹೆಸರಿನ ಕಂಬವನ್ನು ಮಾತ್ರ ಕಾಪಿ ಮಾಡಿ, ಬದಲಾಯಿಸಿ, ಅದೇ ಸಾಲುಗಳ ಕ್ರಮದಲ್ಲಿ ವಾಪಸು ಅಂಟಿಸಿ. ಇಮೇಲ್ ಕಂಬ ಅದರಲ್ಲಿ ಸೇರದಿರಲಿ. ಸೇರಿದರೆ ವಿಳಾಸಗಳೂ ಅರ್ಥವಿಲ್ಲದ ಕನ್ನಡವಾಗಿಬಿಡುತ್ತವೆ.

ಹೆಜ್ಜೆ 1: ಹೊರಡುವ ಮುಂಚೆ ಮನೆ ಗುಡಿಸಿ

ಹಳೆಯ ಕಡೆ ಇರುವಾಗಲೇ ಪುಸ್ತಕವನ್ನು ಒಮ್ಮೆ ಕಣ್ಣಾಡಿಸಿ. ಡಯಲ್-ಅಪ್ ಕಾಲದ ಇಮೇಲ್ ವಿಳಾಸಗಳು, ಕೆಲಸ ಬಿಟ್ಟ ಕಂಪನಿಯ ವಿಳಾಸಗಳು, ಎರಡೆರಡು ಸಲ ಬಂದ ಹೆಸರುಗಳು ಸಿಗುತ್ತವೆ. ದೊಡ್ಡಪ್ಪನ ಪುಸ್ತಕದಲ್ಲಿ ಬೆಂಗಳೂರಿನ ಏಳಂಕಿಯ ಲ್ಯಾಂಡ್‌ಲೈನ್ ನಂಬರುಗಳಿದ್ದವು. ಬೆಂಗಳೂರಿನ ನಂಬರುಗಳ ಮುಂದೆ 2 ಸೇರಿ ಎಂಟಂಕಿ ಆಗಿ ಎಷ್ಟೋ ವರ್ಷವಾಯಿತು. ಹಾಗೆ ಕಂಡ ಪ್ರತಿಯೊಂದೂ ಆ ವ್ಯಕ್ತಿಯನ್ನು ಮಾತಾಡಿಸಿ ಎಷ್ಟು ಕಾಲವಾಯಿತು ಎಂಬುದರ ಗುರುತಾಗಿತ್ತು. ಕೆಲವನ್ನು ಅಳಿಸಲು ಅವರು ಒಪ್ಪಲಿಲ್ಲ. ತೀರಿಕೊಂಡ ಗೆಳೆಯರವು. ಹಾಗೇ ಇಟ್ಟೆವು. ಎಲ್ಲವನ್ನೂ ಸ್ವಚ್ಛ ಮಾಡಲೇಬೇಕು ಅಂತೇನೂ ಇಲ್ಲ.

ಒಟ್ಟು ಎಷ್ಟು ಹೆಸರುಗಳಿವೆ ಎಂದು ಒಂದು ಚೀಟಿಯಲ್ಲಿ ಬರೆದಿಡಿ. ಔಟ್‌ಲುಕ್ ವಿಂಡೋದ ಕೆಳಗಿನ ಎಡ ಮೂಲೆಯಲ್ಲಿ ಸಂಖ್ಯೆ ಕಾಣುತ್ತದೆ. ಕೊನೆಯಲ್ಲಿ ಲೆಕ್ಕ ತಾಳೆ ನೋಡಲು ಇದು ಬೇಕು.

ಜೊತೆಗೆ ಹತ್ತು ಹೆಸರುಗಳನ್ನು ಪರೀಕ್ಷೆಗೆ ಆರಿಸಿಕೊಳ್ಳಿ. ಸುಮ್ನೆ ಮೊದಲ ಹತ್ತನ್ನು ತೆಗೆದುಕೊಳ್ಳಬೇಡಿ. ತೊಂದರೆ ಕೊಡುವಂಥವನ್ನೇ ಆರಿಸಿ. ಇಂಥವು ಅದರಲ್ಲಿ ಇರಲಿ. ಒತ್ತಕ್ಷರ ಇರುವ ಕನ್ನಡದ ಹೆಸರು ಒಂದು, ಲಕ್ಷ್ಮಿ ಅಥವಾ ಕೃಷ್ಣಮೂರ್ತಿ ಅಂಥದು. ಜಾನ್‌ಸನ್ ಎಂಬಂತೆ ನಡುವೆ ಅಕ್ಷರ ಬಿಡಿಸಿ ಬರೆದ ಹೆಸರು ಒಂದು. ಎರಡು ಇಮೇಲ್ ಇರುವವರು ಒಬ್ಬರು. ಅಂಚೆ ವಿಳಾಸದಲ್ಲಿ ಅಲ್ಪವಿರಾಮಗಳಿರುವವರು ಒಬ್ಬರು. ಟಿಪ್ಪಣಿಯಲ್ಲಿ ನಾಲ್ಕೈದು ಸಾಲು ಬರೆದಿಟ್ಟದ್ದು ಒಂದು. ಹುಟ್ಟುಹಬ್ಬ ತಿಂಗಳ ಮೊದಲ ಹನ್ನೆರಡು ದಿನಗಳೊಳಗೆ ಬರುವವರು ಒಬ್ಬರು. ಸೊನ್ನೆಯಿಂದ ಶುರುವಾಗುವ ಲ್ಯಾಂಡ್‌ಲೈನ್ ನಂಬರು ಇರುವವರು ಒಬ್ಬರು. ಈ ಹತ್ತೂ ಸರಿಯಾಗಿ ದಾಟಿದರೆ ಉಳಿದವೂ ದಾಟುತ್ತವೆ.

ಹೆಜ್ಜೆ 2: ಔಟ್‌ಲುಕ್‌ನಿಂದ ಹೊರತೆಗೆಯಿರಿ

ಹಳೆಯ ಬಗೆಯ, ಅಂದರೆ ಕ್ಲಾಸಿಕ್ ಔಟ್‌ಲುಕ್ ಆದರೆ ಹೀಗೆ ಮಾಡಿ.

1. ಮೇಲೆ ಎಡಗಡೆ ಫೈಲ್ ಒತ್ತಿ. ಅಲ್ಲಿ ಓಪನ್ ಆ್ಯಂಡ್ ಎಕ್ಸ್‌ಪೋರ್ಟ್, ಆಮೇಲೆ ಇಂಪೋರ್ಟ್/ಎಕ್ಸ್‌ಪೋರ್ಟ್.
2. ಎಕ್ಸ್‌ಪೋರ್ಟ್ ಟು ಎ ಫೈಲ್ ಆರಿಸಿ, ಮುಂದೆ ಕಾಮಾ ಸೆಪರೇಟೆಡ್ ವ್ಯಾಲ್ಯೂಸ್ ಆರಿಸಿ.
3. ಫೋಲ್ಡರ್‌ಗಳ ಪಟ್ಟಿ ಬರುತ್ತದೆ. ಸ್ವಲ್ಪ ಮೇಲೆ ಕೆಳಗೆ ಸರಿಸಿ ನೋಡಿ. ಎರಡು ಮೇಲ್ ಖಾತೆ ಇದ್ದರೆ ಕಾಂಟ್ಯಾಕ್ಟ್ಸ್ ಫೋಲ್ಡರ್ ಕೂಡ ಎರಡು ಇರುತ್ತದೆ. ಒಂದನ್ನು ಮರೆತು ಬರುವವರು ಬಹಳ.
4. ಫೈಲಿಗೆ ಗುರುತು ಸಿಗುವ ಹೆಸರು ಕೊಡಿ, ಡೆಸ್ಕ್‌ಟಾಪಿನಲ್ಲಿ ಇಡಿ, ಫಿನಿಶ್ ಒತ್ತಿ.

ಹೊಸ ಔಟ್‌ಲುಕ್ ಆದರೆ ಪೀಪಲ್ ಪುಟಕ್ಕೆ ಹೋಗಿ, ಮ್ಯಾನೇಜ್ ಕಾಂಟ್ಯಾಕ್ಟ್ಸ್ ಅಡಿಯಲ್ಲಿ ಎಕ್ಸ್‌ಪೋರ್ಟ್ ಕಾಂಟ್ಯಾಕ್ಟ್ಸ್ ಆರಿಸಿದರೆ ಸಿಎಸ್‌ವಿ ಸಿಗುತ್ತದೆ.

ಈಗ ಆ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಡಬಲ್ ಕ್ಲಿಕ್ ಮಾಡಬೇಡಿ, ಮಾಡಿದರೆ ಸ್ಪ್ರೆಡ್‌ಶೀಟ್ ತೆರೆದುಕೊಳ್ಳುತ್ತದೆ. ಫೈಲ್ ಮೇಲೆ ಬಲ ಕ್ಲಿಕ್ ಮಾಡಿ ಓಪನ್ ವಿತ್ ಮೂಲಕ ಹೋಗಿ. ಕನ್ನಡದ ಹೆಸರು ಕನ್ನಡದಲ್ಲೇ ಕಂಡರೆ ನಿಮ್ಮ ಅದೃಷ್ಟ ಚೆನ್ನಾಗಿದೆ, ಹೆಜ್ಜೆ 3ಕ್ಕೆ ಹೋಗಿ. ಪ್ರಶ್ನೆ ಚಿಹ್ನೆಗಳು ಕಂಡರೆ ಎರಡು ದಾರಿಗಳಿವೆ.

ಮೊದಲನೆಯದು ಕಾಪಿ ಮಾಡುವ ದಾರಿ. ಔಟ್‌ಲುಕ್‌ನಲ್ಲಿ ಕಾಂಟ್ಯಾಕ್ಟ್ಸ್ ತೆರೆದು, ವ್ಯೂ ಬದಲಾಯಿಸಿ, ಎಲ್ಲ ಹೆಸರುಗಳೂ ಸಾಲು ಸಾಲಾಗಿ ಕಂಬಗಳಲ್ಲಿ ಕಾಣುವಂತೆ ಮಾಡಿ. ಫೋನ್ ಅಥವಾ ಲಿಸ್ಟ್ ವ್ಯೂ ಇದಕ್ಕೆ ಸರಿ. ಇಮೇಲ್ ಕಂಬ ಕಾಣದಿದ್ದರೆ ಕಂಬಗಳ ತಲೆಯ ಮೇಲೆ ಬಲ ಕ್ಲಿಕ್ ಮಾಡಿ, ಫೀಲ್ಡ್ ಚೂಸರ್‌ನಿಂದ ಎಳೆದು ತನ್ನಿ. ಗುಂಪು ಗುಂಪಾಗಿ ಕಾಣುತ್ತಿದ್ದರೆ ಆ ಗುಂಪು ಮಾಡುವಿಕೆಯನ್ನು ತೆಗೆಯಿರಿ. ಆಮೇಲೆ ಕಂಟ್ರೋಲ್-ಎ, ಕಂಟ್ರೋಲ್-ಸಿ. ಲಿಬ್ರೆ ಆಫೀಸ್ ಕ್ಯಾಲ್ಕ್ ಎಂಬ ಸ್ಪ್ರೆಡ್‌ಶೀಟ್ ಪ್ರೋಗ್ರಾಮಿನಲ್ಲಿ ಹೊಸ ಹಾಳೆ ತೆರೆದು ಅಂಟಿಸಿ. ಅಂಟಿಸುವ ಮುಂಚೆ ಇಡೀ ಹಾಳೆಯನ್ನು ಟೆಕ್ಸ್ಟ್ ಎಂದು ಗುರುತು ಮಾಡಿ, ಇಲ್ಲದಿದ್ದರೆ ಫೋನ್ ನಂಬರು ಕೆಡುತ್ತದೆ. ಕಾಪಿ-ಪೇಸ್ಟ್ ಯುನಿಕೋಡಿನಲ್ಲಿ ನಡೆಯುವುದರಿಂದ ಕನ್ನಡ ಹಾಗೇ ಬರುತ್ತದೆ.

ಎರಡನೆಯದು ಕಾರ್ಡಿನ ದಾರಿ. ಕನ್ನಡದ ಹೆಸರುಗಳು ಮೂವತ್ತು ನಲವತ್ತು ಇದ್ದರೆ ಇದು ಚೆನ್ನಾಗಿ ಆಗುತ್ತದೆ. ಔಟ್‌ಲುಕ್‌ನ ಫೈಲ್, ಆಪ್ಷನ್ಸ್, ಅಡ್ವಾನ್ಸ್ಡ್ ಪುಟದ ಕೆಳಗಡೆ ಇಂಟರ್‌ನ್ಯಾಷನಲ್ ಆಪ್ಷನ್ಸ್ ಎಂದಿರುತ್ತದೆ. ಅಲ್ಲಿ ಹೊರಗೆ ಕಳಿಸುವ ವಿಕಾರ್ಡ್‌ಗಳಿಗೆ ಯಾವ ಎನ್‌ಕೋಡಿಂಗ್ (ಅಕ್ಷರ ಬರೆಯುವ ಕ್ರಮ) ಎಂದು ಕೇಳುವ ಸಾಲಿದೆ. ಅದನ್ನು ಯುನಿಕೋಡ್ ಯುಟಿಎಫ್-8 ಮಾಡಿ. ಆಮೇಲೆ ಬೇಕಾದ ಹೆಸರುಗಳನ್ನು ಆರಿಸಿ, ಬಿಸಿನೆಸ್ ಕಾರ್ಡ್ ರೂಪದಲ್ಲಿ ಫಾರ್ವರ್ಡ್ ಮಾಡಿ. ಒಂದೊಂದು ಹೆಸರೂ ಒಂದೊಂದು ವಿಕಾರ್ಡ್ ಆಗಿ ಹೊಸ ಮೇಲ್‌ಗೆ ಅಂಟಿಕೊಳ್ಳುತ್ತದೆ. ನಿಮ್ಮ ವಿಳಾಸಕ್ಕೇ ಕಳಿಸಿಕೊಂಡು, ಹೊಸ ಕಂಪ್ಯೂಟರಿನಲ್ಲಿ ಎಲ್ಲವನ್ನೂ ಇಳಿಸಿಕೊಳ್ಳಿ.

ಇನ್ನೂ ಒಂದು ಮಾತು. ಕಚೇರಿಯ ಎಕ್ಸ್‌ಚೇಂಜ್ ಎಂಬ ಮೇಲ್ ಸರ್ವರಿನಲ್ಲಿದ್ದ ಸಹೋದ್ಯೋಗಿಗಳ ವಿಳಾಸ ಸಿಎಸ್‌ವಿಯಲ್ಲಿ ಮಾಮೂಲಿ ಇಮೇಲ್‌ನಂತೆ ಇರದೆ, ಓರೆಗೆರೆಗಳು ತುಂಬಿದ ಉದ್ದದ ಸಾಲಾಗಿ ಬರಬಹುದು. ಅದು ಆ ಸರ್ವರಿನ ಒಳಗೆ ಮಾತ್ರ ನಡೆಯುವ ಗುರುತು. ಹೊರಗಿನಿಂದ ಮೇಲ್ ಕಳಿಸಲು ಬಾರದು. 'ಅಟ್' ಚಿಹ್ನೆ ಇಲ್ಲದ ಸಾಲುಗಳನ್ನು ಹುಡುಕಿ, ಅವರ ನಿಜವಾದ ಇಮೇಲ್ ಅಲ್ಲಿ ತುಂಬಿಸಿ. ಕಚೇರಿ ಬಿಡುವ ಮುಂಚೆಯೇ ಮಾಡಿಕೊಂಡರೆ ಒಳ್ಳೆಯದು.

ಹೆಜ್ಜೆ 3: ಸ್ಪ್ರೆಡ್‌ಶೀಟಿನಲ್ಲಿ ತಿದ್ದುವಾಗ ಎಚ್ಚರ

ಜನ ಜಾಸ್ತಿ ಕಳೆದುಕೊಳ್ಳುವುದು ಇಲ್ಲಿ.

ನಾವು ಮೊಬೈಲ್ ನಂಬರನ್ನು ಒಬ್ಬೊಬ್ಬರು ಒಂದೊಂದು ರೀತಿ ಬರೆದಿರುತ್ತೇವೆ. ಕೆಲವರದು ಬರೀ ಹತ್ತಂಕಿ. ಕೆಲವರದು ಮುಂದೆ ಸೊನ್ನೆ. ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಕರೆ ಮಾಡಲು ಸೊನ್ನೆ ಸೇರಿಸಬೇಕು ಎಂಬ ನಿಯಮ 2021ರ ಜನವರಿಯಲ್ಲಿ ಬಂದ ಮೇಲೆ ಮನೆಯ ಹಿರಿಯರು ಹಾಗೇ ಬರೆದುಕೊಂಡಿರುತ್ತಾರೆ. ಕೆಲವರದು +91. ಸಿಎಸ್‌ವಿಯನ್ನು ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ತೆರೆದರೆ ಅದು ಇವನ್ನೆಲ್ಲ ಲೆಕ್ಕದ ಸಂಖ್ಯೆ ಎಂದುಕೊಳ್ಳುತ್ತದೆ. ಸಂಖ್ಯೆಯ ಮುಂದಿನ ಸೊನ್ನೆಗೆ ಬೆಲೆಯಿಲ್ಲ, ಅಲ್ವಾ? ಅದನ್ನು ತೆಗೆದುಬಿಡುತ್ತದೆ. ಶಿವಮೊಗ್ಗದ 08182 ಬರೀ 8182 ಆಗುತ್ತದೆ, ಧಾರವಾಡದ 0836 ಬರೀ 836. ಇನ್ನು 91 ಸೇರಿದ ಹನ್ನೆರಡಂಕಿಯ ನಂಬರು ಬಹಳ ದೊಡ್ಡದು ಎಂದು ಅದನ್ನು ಚುಟುಕು ಮಾಡಿ, ದಶಾಂಶ ಮತ್ತು ಹತ್ತರ ಘಾತವಾಗಿ ತೋರಿಸುತ್ತದೆ. ಆ ಸ್ಥಿತಿಯಲ್ಲೇ ಮತ್ತೆ ಸಿಎಸ್‌ವಿಯಾಗಿ ಸೇವ್ ಮಾಡಿದರೆ ಕಣ್ಣಿಗೆ ಕಂಡ ಚುಟುಕು ರೂಪವೇ ಫೈಲಿಗೆ ಹೋಗುತ್ತದೆ. ಹಿಂದಿನ ಅಂಕಿಗಳು ಹೋದವು ಎಂದೇ ಲೆಕ್ಕ.

ಆದ್ದರಿಂದ ನಾನು ಈ ಕೆಲಸಕ್ಕೆ ಲಿಬ್ರೆ ಆಫೀಸ್ ಕ್ಯಾಲ್ಕ್ ಬಳಸುತ್ತೇನೆ. ಉಚಿತ, ಮತ್ತು ಸಿಎಸ್‌ವಿ ತೆರೆಯುವ ಮುಂಚೆ ಅದು ನಮ್ಮನ್ನು ಕೇಳುತ್ತದೆ. ಕೇಳಿದಾಗ ಹೀಗೆ ಉತ್ತರ ಕೊಡಿ.

1. ಕ್ಯಾರೆಕ್ಟರ್ ಸೆಟ್ ಎಂಬಲ್ಲಿ ಯುನಿಕೋಡ್ ಯುಟಿಎಫ್-8 ಆರಿಸಿ. ಕೆಳಗೆ ಮಾದರಿ ಕಾಣುತ್ತದೆ. ಅಲ್ಲಿ ಕನ್ನಡ ಕನ್ನಡವಾಗಿ ಕಾಣಬೇಕು.
2. ಸೆಪರೇಟರ್ ಎಂಬಲ್ಲಿ ಕಾಮಾ ಮಾತ್ರ ಇರಲಿ. ಸೆಮಿಕೋಲನ್, ಸ್ಪೇಸ್ ಗುರುತು ಇದ್ದರೆ ತೆಗೆಯಿರಿ.
3. ಮಾದರಿಯ ಮೊದಲ ಕಂಬದ ತಲೆ ಒತ್ತಿ, ಶಿಫ್ಟ್ ಹಿಡಿದು ಕೊನೆಯ ಕಂಬದ ತಲೆ ಒತ್ತಿ. ಎಲ್ಲವೂ ಆಯ್ಕೆಯಾದ ಮೇಲೆ ಕಾಲಮ್ ಟೈಪ್ ಅನ್ನು ಟೆಕ್ಸ್ಟ್ ಮಾಡಿ. ಈ ಒಂದು ಹೆಜ್ಜೆಯಿಂದ ನಂಬರುಗಳೂ ತಾರೀಖುಗಳೂ ಉಳಿಯುತ್ತವೆ.
4. ತಿದ್ದಿದ ಮೇಲೆ ಸೇವ್ ಆ್ಯಸ್ ಮಾಡುವಾಗ ಎಡಿಟ್ ಫಿಲ್ಟರ್ ಸೆಟ್ಟಿಂಗ್ಸ್ ಗುರುತು ಹಾಕಿ. ಮತ್ತೆ ಯುಟಿಎಫ್-8 ಆರಿಸಿ, ಎಲ್ಲ ಟೆಕ್ಸ್ಟ್ ಕೋಶಗಳಿಗೂ ಉದ್ಧರಣ ಚಿಹ್ನೆ ಹಾಕು ಎಂಬ ಆಯ್ಕೆ ಒತ್ತಿ. ಆಗ ವಿಳಾಸದೊಳಗಿನ ಅಲ್ಪವಿರಾಮ ಕಂಬ ಒಡೆಯುವುದಿಲ್ಲ.

ಹಾಳೆ ತೆರೆದಾಗ ಔಟ್‌ಲುಕ್ ಎಷ್ಟೊಂದು ಕಂಬ ಕೊಟ್ಟಿದೆ ಎಂದು ನೋಡಿ ಗಾಬರಿಯಾಗಬಹುದು. ಕಾರ್ ಫೋನ್, ಟೆಲೆಕ್ಸ್, ಸಹಾಯಕರ ಹೆಸರು ಎಲ್ಲ ಇರುತ್ತವೆ. ಖಾಲಿ ಕಂಬಗಳನ್ನು ಅಳಿಸಿಬಿಡಿ. ಹೆಸರು, ಇಮೇಲ್, ಎರಡನೇ ಇಮೇಲ್, ಮೊಬೈಲ್, ಮನೆ ಫೋನ್, ವಿಳಾಸ, ಹುಟ್ಟುಹಬ್ಬ, ಟಿಪ್ಪಣಿ, ಕೆಟಗರಿ ಇಷ್ಟು ಉಳಿದರೆ ಸಾಕು.

ನಮ್ಮ ಹೆಸರುಗಳ ವಿಷಯ ಇಲ್ಲಿ ಬೇರೆಯಾಗಿ ಹೇಳಬೇಕು. ಈ ಪ್ರೋಗ್ರಾಮ್‌ಗಳಿಗೆ ಎಲ್ಲರಿಗೂ ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡು ಭಾಗ ಬೇಕು. ನಮ್ಮಲ್ಲಿ ಊರಿನ ಹೆಸರು ಅಥವಾ ತಂದೆಯ ಹೆಸರಿನ ಮೊದಲಕ್ಷರ ಮುಂದೆ ಬರುತ್ತದೆ, ಕರೆಯುವ ಹೆಸರು ಆಮೇಲೆ. ಕೆ. ಎಸ್. ಮಂಜುನಾಥ ಎಂಬುದನ್ನು ಔಟ್‌ಲುಕ್ ಒಡೆದಾಗ 'ಕೆ.' ಮೊದಲ ಹೆಸರಾಗಿ, 'ಮಂಜುನಾಥ' ಕೊನೆಯ ಹೆಸರಾಗಿ, 'ಎಸ್.' ನಡುವಿನ ಕಂಬಕ್ಕೆ ಹೋಗುತ್ತದೆ. ಇನ್ನೊಂದು ಕಡೆ ಸೇರಿಸುವಾಗ ನಡುವಿನ ಕಂಬ ಬಿಟ್ಟುಹೋದರೆ ಅವರು ಕೆ. ಮಂಜುನಾಥ ಆಗಿಬಿಡುತ್ತಾರೆ. ನಿಮ್ಮ ಪುಸ್ತಕದಲ್ಲಿ ಆ ಹೆಸರಿನವರು ಮೂವರು ಇದ್ದರೆ ಮೇಲ್ ಯಾರಿಗೋ ಹೋಗುತ್ತದೆ. ನಾನು ಮಾಡುವುದು ಇಷ್ಟು. ಹೊಸದಾಗಿ ಒಂದು ಕಂಬ ಸೇರಿಸಿ, ಅದಕ್ಕೆ ಡಿಸ್‌ಪ್ಲೇ ನೇಮ್ ಎಂದು ತಲೆಬರಹ ಕೊಟ್ಟು, ಮೂರೂ ಭಾಗಗಳನ್ನು ಸೇರಿಸಿ ಪೂರ್ತಿ ಹೆಸರು ಬರೆಯುತ್ತೇನೆ. ಕ್ಯಾಲ್ಕ್‌ನಲ್ಲಿ ಕೋಶಗಳನ್ನು ಜೋಡಿಸುವ ಸೂತ್ರದಿಂದ ಒಂದೇ ಸಲಕ್ಕೆ ಮಾಡಬಹುದು. ಹಾಳೆ ಟೆಕ್ಸ್ಟ್ ಆಗಿರುವುದರಿಂದ ಈ ಹೊಸ ಕಂಬವನ್ನು ಮಾತ್ರ ಜನರಲ್ ಎಂದು ಬದಲಾಯಿಸಿದ ಮೇಲೆ ಸೂತ್ರ ಬರೆಯಿರಿ. ಥಂಡರ್‌ಬರ್ಡ್‌ನಲ್ಲಿ ಪಟ್ಟಿಯಲ್ಲಿ ಕಾಣುವುದು ಈ ಹೆಸರೇ. ಮಂಜುನಾಥರು ಮಂಜುನಾಥರಾಗೇ ಉಳಿಯುತ್ತಾರೆ.

ಹುಟ್ಟುಹಬ್ಬದ ಕಂಬವನ್ನೂ ಒಮ್ಮೆ ನೋಡಿ. ಜುಲೈ 4ನ್ನು ನಾವು 4/7 ಎಂದು ಬರೆದರೆ ಅಮೆರಿಕದವರು 7/4 ಎನ್ನುತ್ತಾರೆ. ನಿಮ್ಮ ವಿಂಡೋಸ್ ಅಮೆರಿಕದ ಕ್ರಮದಲ್ಲಿದ್ದರೆ ಫೈಲ್ ಕೂಡ ಅದೇ ಕ್ರಮದಲ್ಲಿರುತ್ತದೆ. ದಿನ 12 ದಾಟಿದವು ಇದ್ದರೆ ಯಾವ ಕ್ರಮ ಅಂತ ಗೊತ್ತಾಗುತ್ತದೆ. ಹುಟ್ಟುಹಬ್ಬ ಬರೆಯದವರ ಜಾಗದಲ್ಲಿ ಬರೀ ಸೊನ್ನೆಗಳಿರಬಹುದು. ಅವನ್ನು ಹುಡುಕಿ ಖಾಲಿ ಮಾಡಿ.

ಹೆಜ್ಜೆ 4: ಥಂಡರ್‌ಬರ್ಡ್‌ಗೆ ಸೇರಿಸಿ

ಮೊದಲು ಆ ಹತ್ತು ಹೆಸರುಗಳಿರುವ ಚಿಕ್ಕ ಫೈಲ್ ಮಾಡಿಕೊಳ್ಳಿ. ಅದನ್ನು ಸೇರಿಸಿ ನೋಡಿ.

1. ಥಂಡರ್‌ಬರ್ಡ್‌ನ ಟೂಲ್ಸ್ ಮೆನುವಿನಲ್ಲಿ ಇಂಪೋರ್ಟ್ ಒತ್ತಿ. ಮೆನು ಪಟ್ಟಿ ಕಾಣದಿದ್ದರೆ ಆಲ್ಟ್ ಕೀಲಿ ಒತ್ತಿದರೆ ಬರುತ್ತದೆ.
2. ಫೈಲಿನಿಂದ ವಿಳಾಸ ಪುಸ್ತಕ ಸೇರಿಸುವ ಆಯ್ಕೆಗೆ ಹೋಗಿ, ಸಿಎಸ್‌ವಿ ಎಂದು ಹೇಳಿ, ನಿಮ್ಮ ಫೈಲ್ ತೋರಿಸಿ.
3. ಕಂಬ ಹೊಂದಿಸುವ ಪುಟ ಬರುತ್ತದೆ. ಒಂದು ಕಡೆ ನಿಮ್ಮ ಫೈಲಿನ ಕಂಬ, ಇನ್ನೊಂದು ಕಡೆ ಥಂಡರ್‌ಬರ್ಡ್‌ನ ಜಾಗ. ಮೊದಲ ಸಾಲಿನಲ್ಲಿ ತಲೆಬರಹವಿದೆ ಎಂಬ ಗುರುತು ಇರಲಿ.
4. ಹೊಸ ವಿಳಾಸ ಪುಸ್ತಕಕ್ಕೆ ಸೇರಿಸು ಎಂದು ಆರಿಸಿ. ಈಗಾಗಲೇ ಇರುವ ಪುಸ್ತಕಕ್ಕೆ ಸೇರಿಸಬೇಡಿ. ಬೇರೆ ಪುಸ್ತಕದಲ್ಲಿದ್ದರೆ ತಪ್ಪಾದಾಗ ಆ ಪುಸ್ತಕವನ್ನೇ ಅಳಿಸಿ ಮತ್ತೆ ಶುರು ಮಾಡಬಹುದು.

ಮೂರನೆಯ ಹೆಜ್ಜೆಯಲ್ಲಿ ಅವಸರ ಬೇಡ. ಥಂಡರ್‌ಬರ್ಡ್ ತನಗೆ ತಿಳಿದಷ್ಟು ಹೊಂದಿಸಿರುತ್ತದೆ, ಆದರೆ ಔಟ್‌ಲುಕ್‌ನ ಎಲ್ಲ ತಲೆಬರಹಗಳೂ ಅದಕ್ಕೆ ಹೊಂದುವುದಿಲ್ಲ. ಹೊಂದದ ಕಂಬವನ್ನು ಅದು ಬಿಟ್ಟು ಮುಂದೆ ಹೋಗುತ್ತದೆ. ಡಿಸ್‌ಪ್ಲೇ ನೇಮ್, ಇಮೇಲ್, ಮೊಬೈಲ್ ಈ ಮೂರನ್ನಂತೂ ಕಣ್ಣಾರೆ ನೋಡಿ ಖಚಿತ ಮಾಡಿಕೊಳ್ಳಿ.

ಹತ್ತೂ ಹೆಸರನ್ನು ಒಂದೊಂದಾಗಿ ತೆರೆದು ಹಳೆಯದರ ಜೊತೆ ಹೋಲಿಸಿ. ಎಲ್ಲ ಸರಿಯಿದ್ದರೆ ಆ ಪುಸ್ತಕ ಅಳಿಸಿ, ಪೂರ್ತಿ ಫೈಲ್ ಸೇರಿಸಿ. ಕೊನೆಗೆ ಚೀಟಿಯಲ್ಲಿ ಬರೆದ ಸಂಖ್ಯೆಗೆ ತಾಳೆ ನೋಡಿ. ಒಂದೆರಡು ಕಡಿಮೆ ಬಂದರೆ ಅವು ಬಹುಶಃ ಗುಂಪುಗಳು. ಗುಂಪುಗಳ ವಿಷಯ ಮುಂದೆ ಇದೆ.

ಎರಡನೆಯ ದಾರಿಯಲ್ಲಿ ವಿಕಾರ್ಡ್ ಮಾಡಿಕೊಂಡಿದ್ದರೆ ಇದೇ ಪುಟದಲ್ಲಿ ಸಿಎಸ್‌ವಿ ಬದಲು ವಿಕಾರ್ಡ್ ಆರಿಸಿ. ಕಂಬ ಹೊಂದಿಸುವ ಕೆಲಸವೇ ಇಲ್ಲ. ವಿಕಾರ್ಡ್ ಫೈಲ್ ಒಳಗೆ ಬರೀ ಅಕ್ಷರಗಳೇ ಇರುವುದು. ಹಾಗಾಗಿ ಹಲವು ಕಾರ್ಡುಗಳನ್ನು ನೋಟ್‌ಪ್ಯಾಡಿನಲ್ಲಿ ಒಂದರ ಕೆಳಗೆ ಒಂದು ಅಂಟಿಸಿ, ಒಂದೇ ಫೈಲ್ ಮಾಡಿ ಸೇರಿಸಬಹುದು. ಸೇವ್ ಮಾಡುವಾಗ ಯುಟಿಎಫ್-8 ಇರಲಿ.

ಹಿಂದೆ ಉಳಿಯುವವು

ಗುಂಪುಗಳು ಸಿಎಸ್‌ವಿಯಲ್ಲಿ ಬರುವುದಿಲ್ಲ. ಔಟ್‌ಲುಕ್‌ನಲ್ಲಿ 'ಸಮಿತಿ' ಎಂದು ಟೈಪ್ ಮಾಡಿದರೆ ಇಪ್ಪತ್ತು ಜನಕ್ಕೆ ಮೇಲ್ ಹೋಗುತ್ತಿತ್ತು ಅಂದುಕೊಳ್ಳಿ. ಆ ಇಪ್ಪತ್ತು ಜನರ ವಿಳಾಸ ಬರಬಹುದು, ಅವರು ಒಂದು ಗುಂಪು ಎಂಬುದು ಬರುವುದಿಲ್ಲ. ಗುಂಪನ್ನು ತೆರೆದು, ಸೇವ್ ಆ್ಯಸ್ ಮಾಡಿ ಟೆಕ್ಸ್ಟ್ ಫೈಲ್ ಆಗಿ ಉಳಿಸಿಕೊಳ್ಳಿ. ಸದಸ್ಯರ ಹೆಸರು, ಇಮೇಲ್ ಅದರಲ್ಲಿರುತ್ತದೆ. ಅದನ್ನು ನೋಡಿಕೊಂಡು ಥಂಡರ್‌ಬರ್ಡ್‌ನಲ್ಲಿ ನ್ಯೂ ಲಿಸ್ಟ್ ಮಾಡಿ. ಗುಂಪುಗಳು ಬಹಳ ಇದ್ದರೆ ಇನ್ನೊಂದು ಉಪಾಯವಿದೆ. ಔಟ್‌ಲುಕ್‌ನಲ್ಲೇ ಪ್ರತಿಯೊಬ್ಬರಿಗೂ ಕೆಟಗರಿ ಕೊಡಿ. ಆ ಕಂಬ ಸಿಎಸ್‌ವಿಯಲ್ಲಿ ಬರುತ್ತದೆ. ಕ್ಯಾಲ್ಕ್‌ನಲ್ಲಿ ಅದರ ಪ್ರಕಾರ ವಿಂಗಡಿಸಿ, ಒಂದೊಂದು ಗುಂಪನ್ನೂ ಬೇರೆ ಫೈಲ್ ಮಾಡಿ, ಥಂಡರ್‌ಬರ್ಡ್‌ನಲ್ಲಿ ಬೇರೆ ಬೇರೆ ವಿಳಾಸ ಪುಸ್ತಕವಾಗಿ ಸೇರಿಸಿ. ಊರಿನ ಸಂಘ, ಸಮಿತಿ ನಡೆಸುವವರಿಗೆ ಇದು ಗುಂಪಿಗಿಂತಲೂ ಅನುಕೂಲ ಎಂದು ನನಗೆ ಅನ್ನಿಸಿದೆ. ಯಾರಿದ್ದಾರೆ, ಯಾರಿಲ್ಲ ಎಂದು ಒಂದೇ ನೋಟದಲ್ಲಿ ಕಾಣುತ್ತದೆ.

ಇನ್ನೊಂದು, ಟೈಪ್ ಮಾಡಲು ಶುರು ಮಾಡಿದ ಕೂಡಲೇ ತಾನಾಗೇ ಬರುತ್ತಿದ್ದ ವಿಳಾಸಗಳು. "ನಾನು ಸೇವ್ ಮಾಡಿದ್ದೆ, ಈಗ ಇಲ್ಲ" ಎಂದು ಹೇಳುವವರಲ್ಲಿ ಬಹಳ ಜನ ನಿಜವಾಗಿ ಸೇವ್ ಮಾಡಿಯೇ ಇರುವುದಿಲ್ಲ. ಹಿಂದೆ ಯಾವಾಗಲೋ ಮೇಲ್ ಕಳಿಸಿದ ವಿಳಾಸವನ್ನು ಔಟ್‌ಲುಕ್ ನೆನಪಿಟ್ಟುಕೊಂಡು ತೋರಿಸುತ್ತಿತ್ತು. ಆ ನೆನಪು ವಿಳಾಸ ಪುಸ್ತಕದ ಹೊರಗಿದೆ, ಎಕ್ಸ್‌ಪೋರ್ಟಿನಲ್ಲಿ ಬರುವುದಿಲ್ಲ. ಹೊರಡುವ ಮುಂಚೆ ಕಳಿಸಿದ ಮೇಲ್‌ಗಳ ಫೋಲ್ಡರ್ ತೆರೆದು, ಕಳೆದ ಒಂದೆರಡು ವರ್ಷದಲ್ಲಿ ಬರೆದವರ ಮೇಲೆ ಬಲ ಕ್ಲಿಕ್ ಮಾಡಿ ಕಾಂಟ್ಯಾಕ್ಟ್ಸ್‌ಗೆ ಸೇರಿಸಿ. ಜಿಮೇಲ್‌ನಲ್ಲೂ ಹೀಗೇ. ಅಲ್ಲಿ ಅದರ್ ಕಾಂಟ್ಯಾಕ್ಟ್ಸ್ ಎಂಬ ಬೇರೆ ಕೋಣೆಯಲ್ಲಿ ಇಂಥವು ಕೂತಿರುತ್ತವೆ. ಥಂಡರ್‌ಬರ್ಡ್ ಕೂಡ ನೀವು ಮೇಲ್ ಕಳಿಸಿದವರನ್ನು ಕಲೆಕ್ಟೆಡ್ ಅಡ್ರೆಸಸ್ ಎಂಬ ಪುಸ್ತಕದಲ್ಲಿ ಕೂಡಿಡುತ್ತದೆ. ಆಗಾಗ ಅದನ್ನು ತೆರೆದು ಬೇಕಾದವರನ್ನು ಮುಖ್ಯ ಪುಸ್ತಕಕ್ಕೆ ಎಳೆದು ಹಾಕಿ.

ಜಿಮೇಲ್‌ನಲ್ಲಿರುವವರಿಗೆ, ವಾಪಸು ಹೋಗುವವರಿಗೆ

ನಿಮ್ಮ ವಿಳಾಸಗಳು ಗೂಗಲ್ ಕಾಂಟ್ಯಾಕ್ಟ್ಸ್‌ನಲ್ಲಿದ್ದರೆ ಸಾಗಿಸುವ ಅಗತ್ಯವೇ ಇಲ್ಲ. ಥಂಡರ್‌ಬರ್ಡ್ 102ನೇ ಆವೃತ್ತಿ 2022ರಲ್ಲಿ ಬಂತು. ಅದರಲ್ಲಿ ವಿಳಾಸ ಪುಸ್ತಕವನ್ನೇ ಹೊಸದಾಗಿ ಕಟ್ಟಿದರು. ಈಗ ಕಾರ್ಡ್‌ಡಾವ್ (ಇಂಟರ್‌ನೆಟ್‌ನಲ್ಲಿರುವ ವಿಳಾಸ ಪುಸ್ತಕಕ್ಕೆ ನೇರವಾಗಿ ಜೋಡಿಸುವ ವಿಧಾನ) ವಿಳಾಸ ಪುಸ್ತಕ ಸೇರಿಸು ಎಂದು ಆರಿಸಿ, ಗೂಗಲ್ ಖಾತೆಗೆ ಲಾಗಿನ್ ಆದರೆ ಸಾಕು. ಫೋನಿನಲ್ಲಿ ಬದಲಾಯಿಸಿದ್ದು ಇಲ್ಲೂ ಬದಲಾಗುತ್ತದೆ. ಒಂದೇ ಸಲದ ಪ್ರತಿ ಸಾಕು ಅನ್ನುವವರು ಅಲ್ಲಿಂದ ವಿಕಾರ್ಡ್ ಇಳಿಸಿಕೊಂಡು ಸೇರಿಸಬಹುದು. ಗೂಗಲ್‌ನಲ್ಲಿ ಎರಡೆರಡು ಸಲ ಇರುವ ಹೆಸರುಗಳನ್ನು ಕೂಡಿಸುವ ಸೌಲಭ್ಯವಿದೆ, ಇಳಿಸಿಕೊಳ್ಳುವ ಮುಂಚೆ ಅದನ್ನು ಓಡಿಸಿ. ದೊಡ್ಡ ಪುಸ್ತಕವನ್ನು ಗೂಗಲ್‌ಗೆ ಏರಿಸುವವರು ನೆನಪಿಡಿ, ಒಂದು ಸಲಕ್ಕೆ 3000 ಹೆಸರು ಮಾತ್ರ ಏರಿಸಬಹುದು.

ಥಂಡರ್‌ಬರ್ಡ್‌ನಿಂದ ಔಟ್‌ಲುಕ್‌ಗೆ ವಾಪಸು ಹೋಗುವುದಿದ್ದರೆ ವಿಕಾರ್ಡ್ ಬಳಸಬೇಡಿ. ಒಂದೇ ಫೈಲಿನಲ್ಲಿ ನೂರು ಕಾರ್ಡಿದ್ದರೂ ಕ್ಲಾಸಿಕ್ ಔಟ್‌ಲುಕ್ ಮೊದಲನೆಯದನ್ನು ಮಾತ್ರ ತೆಗೆದುಕೊಳ್ಳುತ್ತದೆ. ಸಿಎಸ್‌ವಿ ಮಾಡಿ. ಥಂಡರ್‌ಬರ್ಡ್ ಎಕ್ಸ್‌ಪೋರ್ಟ್ ಮಾಡುವಾಗ ಸಿಎಸ್‌ವಿಯಲ್ಲೇ ಎರಡು ಬಗೆ ತೋರಿಸುತ್ತದೆ. ಕನ್ನಡದ ಹೆಸರಿದ್ದರೆ ಯುಟಿಎಫ್-8 ಎಂದಿರುವುದನ್ನೇ ಆರಿಸಿ.

ಮುಗಿದ ಮೇಲೆ

ಹಳೆಯ ಕಂಪ್ಯೂಟರನ್ನು ಒಂದು ತಿಂಗಳಾದರೂ ಹಾಗೇ ಇಡಿ. ಬಿಟ್ಟುಹೋದ ಹೆಸರು ನೆನಪಾಗುವುದು ಯಾರದೋ ಮದುವೆ ಕಾಗದ ಕಳಿಸುವಾಗಲೇ.

ಥಂಡರ್‌ಬರ್ಡ್‌ನ ಹೊಸ ಪುಸ್ತಕವನ್ನು ಒಮ್ಮೆ ಎಕ್ಸ್‌ಪೋರ್ಟ್ ಮಾಡಿ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಿ. ಅದೇ ನಿಮ್ಮ ಬ್ಯಾಕಪ್. ಡೆಸ್ಕ್‌ಟಾಪಿನಲ್ಲಿ ಉಳಿದ ಮಿಕ್ಕ ಸಿಎಸ್‌ವಿಗಳನ್ನು ಅಳಿಸಿ. ಆ ಫೈಲಿಗೆ ಬೀಗವಿಲ್ಲ. ನೂರಾರು ಜನರ ಫೋನ್, ಮನೆ ವಿಳಾಸ, ಹುಟ್ಟಿದ ದಿನ ಅದರಲ್ಲಿವೆ, ಯಾರು ಬೇಕಾದರೂ ತೆರೆದು ಓದಬಹುದು. ಅಂಗಡಿಯ ಕಂಪ್ಯೂಟರಿನಲ್ಲಿ ಈ ಕೆಲಸ ಮಾಡಿಸಿದ್ದರೆ ಎದ್ದು ಬರುವ ಮುಂಚೆ ಡೌನ್‌ಲೋಡ್ಸ್ ಫೋಲ್ಡರ್ ನೋಡಿ, ರಿಸೈಕಲ್ ಬಿನ್ ಕೂಡ ಖಾಲಿ ಮಾಡಿ ಬನ್ನಿ.